10×12 ರೂಮು, ಎಚ್‌ಎಸ್5 ಜೋಡಿ: ಫೋಮ್ ಹಾಕಿಸಲಾ, ಎಚ್‌ಎಸ್8 ತಗೊಳ್ಳಲಾ?

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ. ಒಂದು ಬೆಡ್‌ರೂಮನ್ನೇ ಸ್ಟುಡಿಯೋ ಮಾಡಿಕೊಂಡಿದ್ದೇನೆ. 12 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ, ನೆಲಕ್ಕೆ ಟೈಲ್ಸ್. ಭಾವಗೀತೆ, ಜನಪದ, ಆಗಾಗ ಕಿರುಚಿತ್ರಕ್ಕೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ಹಾಡು, ಕೊಳಲು, ತಬಲಾ ಇಲ್ಲೇ ರೆಕಾರ್ಡ್ ಆಗುತ್ತವೆ. ಬೇಸ್ ಕೀಬೋರ್ಡಿನದು.

ಮಾನಿಟರ್, ಅಂದರೆ ಮಿಕ್ಸ್ ಕೇಳುವ 5 ಇಂಚಿನ ಸ್ಪೀಕರ್ ಜೋಡಿ, ಯಮಾಹಾ ಎಚ್‌ಎಸ್5. ರೂಮಿನಲ್ಲಿ ಮಿಕ್ಸ್ (ಹಾಡು, ವಾದ್ಯ ಎಲ್ಲ ಹದವಾಗಿ ಸೇರಿಸಿದ್ದು) ಚೆನ್ನಾಗಿಯೇ ಕೇಳುತ್ತದೆ. ಕಾರಿನಲ್ಲಿ ಹಾಕಿದರೆ ಬೇಸ್ ಗುಂಯ್ ಅಂತ ಡೋರೆಲ್ಲಾ ಅದುರುತ್ತದೆ. ತಬಲಾ ಜೋಡಿಯ ಎಡಗೈಯದು, ಡಗ್ಗಾದ್ದು ಉಲ್ಟಾ ಕಥೆ. ಇಲ್ಲಿ ಜಾಸ್ತಿ ಅನಿಸಿ ಇಳಿಸುತ್ತೇನೆ, ಹೊರಗೆ ಕೇಳಿದರೆ ಡಗ್ಗಾನೇ ಇಲ್ಲ.

ಎರಡು ಯೋಚನೆ ಇದೆ. ಒಂದು, 2 ಇಂಚಿನ ಪಿರಮಿಡ್ ಫೋಮ್ ತಂದು ನಾಲ್ಕೂ ಗೋಡೆಗೆ ಅಂಟಿಸುವುದು. ಇನ್ನೊಂದು, ಎಚ್‌ಎಸ್5 ಮಾರಿ 8 ಇಂಚಿನ ಎಚ್‌ಎಸ್8 ತಗೊಳ್ಳುವುದು. ಯಾವುದನ್ನು ಮೊದಲು ಮಾಡಲಿ? ಗೋಡೆಗೆ ಡ್ರಿಲ್ ಹಾಕಲು ಓನರ್ ಬಿಡುವುದಿಲ್ಲ.

ಹಳೇ ಫೇಡರ್

ಎರಡೂ ಬೇಡ. ದುಡ್ಡು ಸದ್ಯಕ್ಕೆ ಜೇಬಲ್ಲೇ ಇರಲಿ. ರೂಮಿನಲ್ಲಿ ನೀವು ಕೂರುವುದು ಎಲ್ಲಿ? ಮುಂದಿನ ಗೋಡೆಗೂ ಸ್ಪೀಕರಿನ ಮುಖಕ್ಕೂ ಎಷ್ಟು ದೂರ? ಅದನ್ನು ಹೇಳಿ.

ಮೂಲೆಮನೆ

ಕುರ್ಚಿ ರೂಮಿನ ನಟ್ಟನಡುವೆ ಇದೆ ಸರ್. ಸ್ಪೀಕರ್ ಟೇಬಲ್ ಮೇಲೆ. ಮುಖ ಗೋಡೆಯಿಂದ ಸುಮಾರು 2 ಅಡಿ. 12 ಅಡಿಯ ಕಡೆಗೆ ನೋಡುತ್ತಾ ಕೂರುತ್ತೇನೆ.

ಸೈನ್ ವೇವ್

ಹಾಗಾದರೆ ನಿಮಗೆ ಕೇಳುತ್ತಿರುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಸುಮಾರು 1125 ಅಡಿ. ಎದುರುಬದುರಾಗಿರುವ ಎರಡು ಗೋಡೆ ಹಿಡಿದಿಟ್ಟುಕೊಳ್ಳುವ ಮೊದಲ ಫ್ರೀಕ್ವೆನ್ಸಿ ಬೇಕಿದ್ದರೆ, ಅದರ ಅರ್ಧ 563ನ್ನು ನಡುವಿನ ಅಡಿಯಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಜ್. 10 ಅಡಿಗೆ 56. ನಿಮ್ಮ ಅಗಲ ಮತ್ತು ಎತ್ತರ ಎರಡೂ 10 ಆದ್ದರಿಂದ 56 ಎರಡು ಸಲ ಬರುತ್ತದೆ. ಇವುಗಳ ದುಪ್ಪಟ್ಟು 94 ಮತ್ತು 112. ಅಲ್ಲೂ 112 ಎರಡು ಸಲ.

ಹೀಗೆ ರೂಮು ಹಿಡಿದಿಟ್ಟುಕೊಳ್ಳುವ ಫ್ರೀಕ್ವೆನ್ಸಿಗೆ ಮೋಡ್ ಅಂತಾರೆ. ಈ ಮೊದಲ ಮೋಡ್‌ಗಳು ಗೋಡೆಯ ಹತ್ತಿರ ಜೋರು, ರೂಮಿನ ನಡುವೆ ಸೊನ್ನೆ. ಎರಡನೆಯವು ನಡುವೆಯೂ ಜೋರು. ನೀವು ನಡುವೆ ಕೂತಿದ್ದೀರಿ. 47, 56 ನಿಮಗೆ ಕೇಳುವುದೇ ಇಲ್ಲ. 94, 112 ಕಿವಿಗೇ ಬಂದು ಕೂರುತ್ತವೆ. ಬೇಸಿನ ಕೆಳಗಿನ ಎ ಸ್ವರ 55 ಹರ್ಟ್ಜ್, ಅದು ಮಾಯ. ಅದರ ಮೇಲಿನ ಎ 110, ಅದು ಕೂಗುತ್ತದೆ. ಕೆಳಗೆ ಬೇಸ್ ಇಲ್ಲ ಅಂತ ಏರಿಸುತ್ತೀರಿ, ಕಾರು ಅದುರುತ್ತದೆ. ಡಗ್ಗಾದ ಬಲ ಇರುವುದು 100ರ ಆಸುಪಾಸಿನಲ್ಲಿ. ಅದು ಜಾಸ್ತಿ ಅಂತ ಇಳಿಸುತ್ತೀರಿ.

2 ಅಡಿಯಿಂದ ಇನ್ನೊಂದು ಸಮಸ್ಯೆ. ಸ್ಪೀಕರಿನ ಬೇಸ್ ಹಿಂದಕ್ಕೂ ಹೋಗಿ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ದೂರ ಕಾಲು ಅಲೆಯಷ್ಟಿದ್ದರೆ ವಾಪಸ್ ಬಂದದ್ದು ಉಲ್ಟಾ ಸೇರಿ ನೇರ ಶಬ್ದವನ್ನು ಕತ್ತರಿಸುತ್ತದೆ. 2 ಅಡಿಗೆ ಅದು ಸುಮಾರು 141 ಹರ್ಟ್ಜ್. ಗಂಡು ದನಿಯ ಮೈ ಇರುವುದೇ ಆ ಜಾಗದಲ್ಲಿ.

ಮೂಲೆಮನೆ

ಅಯ್ಯೋ ಮೇಡಂ, ನಾನು ಹಾಡುಗಾರರಿಗೆ "ದನಿ ಸ್ವಲ್ಪ ತೆಳು" ಅಂತ ಹೇಳಿದ್ದೆ 😄 ಹಾಗಾದರೆ ಕುರ್ಚಿ ಎಲ್ಲಿಡಲಿ?

ಹಳೇ ಫೇಡರ್

ಮುಂದಿನ ಗೋಡೆಯಿಂದ ರೂಮಿನ ಉದ್ದದ 38 ಪರ್ಸೆಂಟ್ ದೂರದಲ್ಲಿ ಕಿವಿ ಇರಲಿ. 12 ಅಡಿಗೆ ಅದು 4 ಅಡಿ 7 ಇಂಚು. ಇದು ಶಾಸ್ತ್ರವೇನಲ್ಲ, ಹುಡುಕಲು ಶುರು ಮಾಡುವ ಜಾಗ. ಅಲ್ಲಿಂದ ಅರ್ಧ ಅಡಿ ಹಿಂದೆ ಮುಂದೆ ಸರಿದು ಕೇಳಿ.

ಸ್ಪೀಕರನ್ನು ಗೋಡೆಗೆ ತಳ್ಳಿ. ಎಚ್‌ಎಸ್5ಗೆ ಪೋರ್ಟ್ (ಬೇಸ್ ಗಾಳಿ ಹೊರಬರುವ ತೂತು) ಹಿಂದಿದೆ, ಅದಕ್ಕೆ ಒಂದು ಗೇಣಿಗಿಂತ ಕಡಿಮೆ, 15 ಸೆಂ.ಮೀ. ಜಾಗ ಸಾಕು. ಡಬ್ಬದ ಆಳ 22 ಸೆಂ.ಮೀ. ಸೇರಿಸಿದರೆ ಮುಖ ಗೋಡೆಯಿಂದ 37 ಸೆಂ.ಮೀ. ಆಗುತ್ತದೆ. ಆಗ ಮೇಡಂ ಹೇಳಿದ ಗುಂಡಿ, ಅಂದರೆ ಶಬ್ದ ಕತ್ತರಿಸಿಹೋಗುವ ಜಾಗ, 230 ಹರ್ಟ್ಜ್ ಹತ್ತಿರಕ್ಕೆ ಏರುತ್ತದೆ. ಅಷ್ಟು ಮೇಲಿನದನ್ನು ಹಿಂದೊಂದು ಶಬ್ದ ನುಂಗುವ 4 ಇಂಚಿನ ಪ್ಯಾನೆಲ್ ಇಟ್ಟು ಹಿಡಿಯಬಹುದು. 141 ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಗೋಡೆ ಹತ್ತಿರ ಆದಾಗ ಬೇಸ್ ಸ್ವಲ್ಪ ಉಬ್ಬುತ್ತದೆ. ಹಿಂಬದಿಯಲ್ಲಿ ರೂಮ್ ಕಂಟ್ರೋಲ್ ಅಂತ ಸ್ವಿಚ್ ಇದೆ ನೋಡಿ. 500 ಹರ್ಟ್ಜ್ ಕೆಳಗೆ 2 ಅಥವಾ 4 ಡೆಸಿಬೆಲ್ ಇಳಿಸುತ್ತದೆ. ಇರುವುದೇ ಇದಕ್ಕೆ, ಆದರೆ ಮುಟ್ಟಿದವರನ್ನು ನಾನು ಕಂಡಿದ್ದು ಕಡಿಮೆ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರೂ ಸಮ ತ್ರಿಕೋನ. ಈ ಅಳತೆಗೆ ಒಂದೊಂದು ಬದಿ ಸುಮಾರು 3 ಅಡಿ 10 ಇಂಚು. ಟ್ವೀಟರ್ (ಮೇಲಿನ ಸ್ವರದ ಚಿಕ್ಕ ಸ್ಪೀಕರ್) ಕಿವಿಯ ಎತ್ತರಕ್ಕೆ. ಎಡಗೋಡೆಗೂ ಬಲಗೋಡೆಗೂ ಒಂದೇ ದೂರ. ಟೇಬಲ್ ಮೇಲೆ ಇಡುವ ಬದಲು ಹಿಂದೆ ಸ್ಟ್ಯಾಂಡ್ ಮೇಲಿಟ್ಟರೆ ಟೇಬಲಿನಿಂದ ಚಿಮ್ಮುವ ಶಬ್ದವೂ ಕಡಿಮೆಯಾಗುತ್ತದೆ. ಇಷ್ಟಕ್ಕೆ ಒಂದು ರೂಪಾಯಿಯೂ ಬೇಡ, ಸ್ಟ್ಯಾಂಡ್ ಬಿಟ್ಟು.

ಬೀಟ್ ಬಸವ

ಎಚ್‌ಎಸ್8 ಯಾಕೆ ಬೇಡ ಅಂತೀರಾ ಗುರು? ನಾನು 8 ಇಂಚಿಗೆ ಹೋದ ಮೇಲೆ ಕಿಕ್ ಡ್ರಮ್ ಏನು ಮಾಡ್ತಿದೆ ಅಂತ ಗೊತ್ತಾಯ್ತು.

ಹಳೇ ಫೇಡರ್

ನಿಮ್ಮ ರೂಮು ಎಷ್ಟು ದೊಡ್ಡದು ಅಂತ ಗೊತ್ತಿಲ್ಲ. ಇವರದು 1200 ಘನ ಅಡಿ. ಯಮಾಹಾ ಕೊಟ್ಟಿರುವ ಲೆಕ್ಕದಲ್ಲಿ ಎಚ್‌ಎಸ್5 3 ಡೆಸಿಬೆಲ್ ಇಳಿಯುವುದು 74 ಹರ್ಟ್ಜ್‌ನಲ್ಲಿ, ಎಚ್‌ಎಸ್8 47ರಲ್ಲಿ. 47 ಅಂದರೆ ಇವರ ರೂಮಿನ ಮೊದಲ ಮೋಡ್. ಮಲಗಿರುವ ನಾಯಿಯನ್ನು ಕೋಲು ಹಾಕಿ ಎಬ್ಬಿಸಿದ ಹಾಗೆ. ರೂಮು ಸರಿಯಾದ ಮೇಲೆ ತಗೊಳ್ಳಲಿ, ಯಾರು ಬೇಡ ಅಂದರು? ಸರಿಯಾಗದ ರೂಮಿಗೆ 5 ಇಂಚೇ ಕ್ಷೇಮ.

ಡಲ್ಲಾಸ್ ದಾಸ

ಇದರಲ್ಲಿ ಒಂದು ವಿಷಯ ಯಾರೂ ಹೇಳಲಿಲ್ಲ. ನಾನು ಮೊದಲು ಮೈಸೂರಿನ ಮನೆಯಲ್ಲಿ ಮಿಕ್ಸ್ ಮಾಡುತ್ತಿದ್ದೆ, ಈಗ ಟೆಕ್ಸಾಸಿನಲ್ಲಿ. ಹೆಚ್ಚುಕಮ್ಮಿ ಅಷ್ಟೇ ಅಳತೆಯ ರೂಮು, ಅದೇ ಸ್ಪೀಕರ್. ಬೇಸ್ ಮಾತ್ರ ಬೇರೆಯೇ.

ಇಲ್ಲಿ ಗೋಡೆ ಅಂದರೆ ಮರದ ಚೌಕಟ್ಟಿಗೆ ಹೊಡೆದ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಒಳಗೆ ಟೊಳ್ಳು. ಬೇಸ್ ಬಂದರೆ ಹಲಗೆ ತಾನೇ ಅದುರಿ ಒಂದಿಷ್ಟನ್ನು ನುಂಗುತ್ತದೆ, ಒಂದಿಷ್ಟನ್ನು ಪಕ್ಕದ ರೂಮಿಗೆ ಬಿಡುತ್ತದೆ. ನಮ್ಮ ಕಡೆ ಇಟ್ಟಿಗೆ, ಸಿಮೆಂಟು, ಮೇಲೆ ಆರ್‌ಸಿಸಿ. ಅದು ಒಂಚೂರೂ ಅದುರುವುದಿಲ್ಲ. ಒಳಗೆ ಹೋದ ಬೇಸ್ ಒಳಗೇ ಸುತ್ತುತ್ತದೆ.

ಯೂಟ್ಯೂಬಿನಲ್ಲಿ "2 ಇಂಚಿನ ನಾಲ್ಕು ಪ್ಯಾನೆಲ್ ಹಾಕಿದೆ, ರೂಮೇ ಬದಲಾಯಿತು" ಅನ್ನುವವರಲ್ಲಿ ಹೆಚ್ಚಿನವರು ಈ ಹಲಗೆ ಮನೆಯವರು. ಅವರ ಗೋಡೆಯೇ ಅರ್ಧ ಕೆಲಸ ಮಾಡಿರುತ್ತದೆ. ಅದೇ ರೆಸಿಪಿ ವಿಜಯನಗರಕ್ಕೆ ತಂದರೆ ಸಾಲದು. ದಪ್ಪ ದುಪ್ಪಟ್ಟು ಮಾಡಿ.

ಸೈನ್ ವೇವ್

ಇದು ನಿಜವಾಗಿಯೂ ಮುಖ್ಯ. ಬೇಸಿಗೆ ನಮ್ಮ ಮನೆಗಳು ಕಲ್ಲಿನ ಡಬ್ಬ. 2 ಇಂಚಿನ ಫೋಮ್ ಹಾಕಿದರೆ ಚಪ್ಪಾಳೆ ಹೊಡೆದಾಗ ಬರುವ ಟಿಂಗ್ ಹೋಗುತ್ತದೆ, ತಾಳದ ಕುಣಿತ ಹೋಗುತ್ತದೆ, ರೂಮು ಮಂಕಾಗುತ್ತದೆ. 112 ಹರ್ಟ್ಜ್ ಹಾಗೇ ಕೂತಿರುತ್ತದೆ. ಅದರ ಅಲೆಯ ಉದ್ದ 3 ಮೀಟರಿಗೂ ಜಾಸ್ತಿ. ಮೇಲಿನದೆಲ್ಲ ಸತ್ತು ಕೆಳಗಿನದು ಮಾತ್ರ ಉಳಿದ ರೂಮು, ಖಾಲಿ ರೂಮಿಗಿಂತ ಕಷ್ಟ.

ಮೊಟ್ಟೆ ಟ್ರೇ ಬಗ್ಗೆ ಯಾರಾದರೂ ಕೇಳುವ ಮುಂಚೆಯೇ ಹೇಳುತ್ತೇನೆ, ಅದರಿಂದ ಏನೂ ಆಗುವುದಿಲ್ಲ. ಬೆಂಕಿಗೆ ಮಾತ್ರ ಅನುಕೂಲ.

ಮೂಲೆಮನೆ

ಸರಿ, ಫೋಮ್ ಕ್ಯಾನ್ಸಲ್. ಏನು ತರಲಿ, ಎಷ್ಟು ದಪ್ಪ, ಡ್ರಿಲ್ ಇಲ್ಲದೆ ಹೇಗೆ ನಿಲ್ಲಿಸಲಿ?

ಹಳೇ ಫೇಡರ್

ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಸ್ಲ್ಯಾಬ್, ಅಂದರೆ ಕಲ್ಲಿನ ಅಥವಾ ಗಾಜಿನ ನಾರಿನ ಉಣ್ಣೆಯ ಹಲಗೆ. ಸುರುಳಿ ಬೇಡ, ಸ್ಲ್ಯಾಬ್ ಅಂತಲೇ ಕೇಳಿ. ಇನ್ಸುಲೇಷನ್ ಡೀಲರ್ ಬಳಿ 50 ಮಿ.ಮೀ. ದಪ್ಪದ್ದು, ಸಾಂದ್ರತೆ 48 ಕೆ.ಜಿ. ಅಂತ ಸಿಗುತ್ತದೆ, ಅಂದರೆ ಒಂದು ಘನ ಮೀಟರಿಗೆ 48. ಎರಡು ಸೇರಿಸಿದರೆ 4 ಇಂಚು. 96 ಕೆ.ಜಿ.ಯದು ಇನ್ನೂ ಒಳ್ಳೆಯದು ಅಂತ ಅಂಗಡಿಯವರು ಹೇಳಬಹುದು. ನಮ್ಮ ಕೆಲಸಕ್ಕೆ ಹಾಗೇನಿಲ್ಲ. ತೀರಾ ಗಟ್ಟಿ ಸ್ಲ್ಯಾಬನ್ನು ದಪ್ಪಗೆ ಪೇರಿಸಿದರೆ ಬೇಸ್ ಒಳಗೆ ಹೋಗುವ ಬದಲು ವಾಪಸ್ ಬರುತ್ತದೆ. ದಪ್ಪ ಹೆಚ್ಚಿದಷ್ಟೂ ಹಗುರ ಸ್ಲ್ಯಾಬ್ ಬೇಕು.

ಫ್ರೇಮಿಗೆ ಸಿಲ್ವರ್ ಓಕ್ ಸಾಕು. ಕಾಫಿ ತೋಟದ ಮರ, ಅಗ್ಗ, ಹಗುರ. 2 ಅಡಿ ಅಗಲ, 4 ಅಡಿ ಎತ್ತರ. ಬಟ್ಟೆ ಚಿಕ್ಕಪೇಟೆಯಲ್ಲಿ ಯಾವುದಾದರೂ ತಗೊಳ್ಳಿ, ಅಂಗಡಿಯಲ್ಲೇ ಬಾಯಿಗೆ ಹಿಡಿದು ಊದಿ ನೋಡಿ. ಗಾಳಿ ಆ ಕಡೆ ಸಲೀಸಾಗಿ ಹೋದರೆ ಆಯ್ತು. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ. ರೆಕ್ಸಿನ್ ಮಾತ್ರ ಬೇಡ.

ಕತ್ತರಿಸುವಾಗ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ. ಮೈಯೆಲ್ಲ ತುರಿಕೆ ಬರುತ್ತದೆ. ಮಕ್ಕಳಿರುವ ಮನೆಯಾದರೆ ಟೆರೇಸ್ ಮೇಲೆ ಕತ್ತರಿಸಿ. ಸ್ಲ್ಯಾಬಿಗೆ ಮೊದಲು ತೆಳು ನಾನ್-ವೋವನ್ ಬಟ್ಟೆ ಸುತ್ತಿ, ಮೇಲೆ ಚಂದದ ಬಟ್ಟೆ ಹಾಕಿ.

ಜಾಗ: ಮೊದಲು ನಾಲ್ಕು ಮೂಲೆ. ಪ್ಯಾನೆಲನ್ನು ಮೂಲೆಗೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ತ್ರಿಕೋನದ ಖಾಲಿ ಜಾಗ ಉಳಿಯುತ್ತದೆ. ಒಂದರ ಮೇಲೊಂದು ಎರಡು ಇಟ್ಟರೆ 8 ಅಡಿ ಎತ್ತರ. ಬಾಗಿಲಿರುವ ಮೂಲೆ ಬಿಟ್ಟುಬಿಡಿ, ಬೇರೆ ದಾರಿ ಇಲ್ಲ. ಆಮೇಲೆ ಅಕ್ಕಪಕ್ಕದ ಗೋಡೆ. ನೀವು ಕುರ್ಚಿಯಲ್ಲಿ ಕೂತಿರಿ, ಮನೆಯವರು ಯಾರಾದರೂ ಗೋಡೆಯ ಉದ್ದಕ್ಕೂ ಕನ್ನಡಿ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಒಂದು ಪ್ಯಾನೆಲ್. ಗೋಡೆಗೆ ತಾಗಿಸದೆ 4 ಇಂಚು ಬಿಟ್ಟು ನಿಲ್ಲಿಸಿ. ಆ ಗಾಳಿಯ ಜಾಗವೂ ಕೆಲಸ ಮಾಡುತ್ತದೆ, ಪುಕ್ಕಟೆ. ಕೆಳಗೆ ಎರಡು ಕಾಲು ಹೊಡೆಸಿದರೆ ತಾನೇ ನಿಲ್ಲುತ್ತದೆ, ಡ್ರಿಲ್ ಬೇಡ. ಮನೆ ಖಾಲಿ ಮಾಡುವಾಗ ಲಾರಿಗೆ ಹಾಕಿಕೊಂಡು ಹೋಗಬಹುದು.

ಡಗ್ಗಾ ಡೈರಿ

ಧಾರವಾಡದಿಂದ. ಮರಗೆಲಸ, ಸ್ಲ್ಯಾಬು ಎಲ್ಲಾ ಆಗುವವರೆಗೆ ಒಂದು ಕೆಲಸ ಮಾಡ್ರಿ. ಮನೆಯಾಗ ಹಳೆಯ ಹತ್ತಿ ಗಾದಿ ಇದ್ರೆ ಸುತ್ತಿ ಮೂಲೆಗೆ ನಿಲ್ಲಿಸ್ರಿ. ಸ್ಪಂಜಿನ ಹಾಸಿಗೆ ಅಲ್ಲ, ಹತ್ತಿದು. ನನ್ನ ತಬಲಾ ರೂಮಿನಲ್ಲಿ ಇವತ್ತಿಗೂ ಎರಡು ಗಾದಿ ಮೂಲೆಯಲ್ಲೇ ಇವೆ. ಇಲಿ ಬರದಂತೆ ನೋಡಿಕೊಳ್ಳಬೇಕು, ಅಷ್ಟೇ.

ತಬಲಾ ರೆಕಾರ್ಡ್ ಮಾಡುವಾಗ ನುಡಿಸುವವರನ್ನೂ ರೂಮಿನ ನಡುವೆ ಕೂರಿಸಬೇಡಿ. ಮೂಲೆಗೂ ಬೇಡ. ಮೂರನೇ ಒಂದು ಭಾಗದ ಹತ್ತಿರ ಕೂರಿಸಿ, ಕೆಳಗೆ ದಪ್ಪ ಜಮಖಾನೆ ಹಾಸಿ. ಟೈಲ್ಸ್ ನೆಲದ ಮೇಲೆ ಬರೀ ಚಾಪೆ ಹಾಸಿ ನುಡಿಸಿದರೆ ಚಾಟಿಯ (ತಬಲಾದ ಅಂಚಿನ) ಪೆಟ್ಟು ಸೀಳಿಕೊಂಡು ಬರುತ್ತದೆ.

ಕರಾವಳಿ ಕೇಬಲ್

ಮಂಗಳೂರಿನವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಪ್ಯಾನೆಲಿಗೂ ಗೋಡೆಗೂ ನಡುವೆ ಜಾಗ ಬಿಡುವುದು ಶಬ್ದಕ್ಕಲ್ಲ, ಬೂಷ್ಟಿಗೆ. ರಾಕ್‌ವೂಲ್ ಕೊಳೆಯುವುದಿಲ್ಲ, ಅದರ ಮೇಲಿನ ಬಟ್ಟೆ ಮತ್ತು ಹಿಂದಿನ ಪ್ಲೈವುಡ್ ಕೊಳೆಯುತ್ತವೆ. ಪ್ಯಾನೆಲಿನ ಹಿಂಭಾಗ ಮುಚ್ಚಬೇಡಿ, ಅಲ್ಲಿಗೂ ಬಟ್ಟೆಯೇ ಇರಲಿ. ಫ್ರೇಮಿಗೆ ಗೆದ್ದಲು ಔಷಧಿ ಹಚ್ಚಿ. ಸೆಣಬಿನ ಬಟ್ಟೆ ಚಂದ ಕಾಣುತ್ತದೆ, ಆದರೆ ಮಳೆಗಾಲದಲ್ಲಿ ವಾಸನೆ. ಪಾಲಿಯೆಸ್ಟರ್ ಒಳ್ಳೆಯದು.

ನನ್ನದು ಅಜ್ಜನ ಕಾಲದ ಹಂಚಿನ ಮನೆ. ಇಳಿಜಾರು ಮಾಡು, ಹಂಚಿನ ಸಂದಿಯಲ್ಲೆಲ್ಲ ಬೇಸ್ ಹೊರಗೆ ಹೋಗುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗ ನನ್ನ ಮಿಕ್ಸಿನ ಬಗ್ಗೆ ಯೋಚಿಸಿರಲಿಕ್ಕಿಲ್ಲ, ಆದರೂ ಉಪಕಾರ ಆಗಿದೆ. ಆರ್‌ಸಿಸಿ ಮನೆಯ ಗೆಳೆಯರಿಗಿಂತ ನನ್ನ ಬೇಸ್ ಕ್ಲೀನ್. ಮಳೆ ಬಂದರೆ ಮಾತ್ರ ರೆಕಾರ್ಡಿಂಗ್ ಬಂದ್.

ಹೆಡ್‌ಫೋನ್ ಹುಚ್ಚ

ಇಷ್ಟೆಲ್ಲಾ ಒದ್ದಾಟ ಯಾಕೆ? ಒಂದು ಒಳ್ಳೆಯ ಓಪನ್ ಬ್ಯಾಕ್ (ಹಿಂಬದಿ ಮುಚ್ಚದ) ಹೆಡ್‌ಫೋನ್, ಸೆನ್‌ಹೈಸರ್ ಎಚ್‌ಡಿ600 ತರಹದ್ದು, ಜೊತೆಗೆ ಶಬ್ದ ಸರಿಪಡಿಸುವ ಸೌಂಡ್‌ಐಡಿ ಸಾಫ್ಟ್‌ವೇರ್. ರೂಮೇ ಬೇಡ.

ಹಳೇ ಫೇಡರ್

ಅರ್ಧ ಒಪ್ಪುತ್ತೇನೆ. ಬಾಡಿಗೆ ಮನೆಯಲ್ಲಿ ರಾತ್ರಿ ಕೆಲಸಕ್ಕೆ ಹೆಡ್‌ಫೋನ್ ಬೇಕೇ ಬೇಕು. ಇವರ ರೂಮಿನಲ್ಲಿ 60 ಹರ್ಟ್ಜ್ ಕೆಳಗಿನದನ್ನು ನಾನಾದರೂ ಹೆಡ್‌ಫೋನಿನಲ್ಲೇ ನೋಡುತ್ತೇನೆ. ಆದರೆ ಎಡ ಸ್ಪೀಕರಿನ ಶಬ್ದ ಬಲಗಿವಿಗೂ ಬರುತ್ತದೆ, ಹೆಡ್‌ಫೋನಿನಲ್ಲಿ ಬರುವುದಿಲ್ಲ. ಅದರಲ್ಲಿ ಅಗಲ, ರಿವರ್ಬ್, ಹಾಡುಗಾರರ ಮಟ್ಟ ಮೂರೂ ದಾರಿ ತಪ್ಪಿಸುತ್ತವೆ. ಅದೂ ಅಲ್ಲದೆ ಇವರು ಆ ರೂಮಿನಲ್ಲಿ ಹಾಡು ರೆಕಾರ್ಡ್ ಮಾಡುತ್ತಾರೆ. ಮೈಕಿಗೆ ಹೆಡ್‌ಫೋನ್ ಹಾಕಲು ಆಗುತ್ತದಾ?

ಬೀಟ್ ಬಸವ

ಸೌಂಡ್‌ಐಡಿ ಸ್ಪೀಕರಿಗೂ ಬರುತ್ತಲ್ಲ. ಅಳತೆ ಮಾಡಿ ಇಕ್ಯೂ (ಬೇಕಾದ ಫ್ರೀಕ್ವೆನ್ಸಿ ಏರಿಸಿ ಇಳಿಸುವುದು) ಹಾಕಿದರೆ ಫ್ಲ್ಯಾಟ್. ಪ್ಯಾನೆಲ್ ಯಾಕೆ?

ಸೈನ್ ವೇವ್

ಗುಡ್ಡವನ್ನು ಇಕ್ಯೂ ಕತ್ತರಿಸಬಹುದು. ಗುಂಡಿಯನ್ನು ತುಂಬಲು ಆಗುವುದಿಲ್ಲ. ಎರಡು ಅಲೆ ಒಂದನ್ನೊಂದು ಕಡಿಯುವ ಜಾಗಕ್ಕೆ ನೀವು ಎಷ್ಟು ಸುರಿದರೂ ಎರಡೂ ಒಟ್ಟಿಗೆ ಏರಿ ಮತ್ತೆ ಕಡಿಯುತ್ತವೆ. 10 ಡೆಸಿಬೆಲ್ ಏರಿಸುವುದೆಂದರೆ 10 ಪಟ್ಟು ಪವರ್. ಎಚ್‌ಎಸ್5 ವೂಫರಿನ (ಬೇಸ್ ಸ್ಪೀಕರಿನ) ಆಂಪ್ 45 ವ್ಯಾಟ್. ಎಲ್ಲಿಂದ ತರುತ್ತೀರಿ?

ಇನ್ನೊಂದು ಸಮಯದ ಪ್ರಶ್ನೆ. 112 ಹರ್ಟ್ಜ್ ಜೋರಾಗಿರುವುದಷ್ಟೇ ಅಲ್ಲ, ಡಗ್ಗಾ ನಿಂತ ಮೇಲೂ ರೂಮಿನಲ್ಲಿ ಗುಂಯ್‌ಗುಡುತ್ತಾ ಇರುತ್ತದೆ. ಅದನ್ನು ಬೇಗ ನಿಲ್ಲಿಸುವುದು ದಪ್ಪ ಪ್ಯಾನೆಲ್. ಪ್ಯಾನೆಲ್ ಹಾಕಿದ ಮೇಲೆ ಉಳಿದ ಸಣ್ಣಪುಟ್ಟದಕ್ಕೆ ಇಕ್ಯೂ ಹಾಕಿ, ನನ್ನದೇನೂ ತಕರಾರಿಲ್ಲ.

ಮೂಲೆಮನೆಯವರೇ, ರೂಮ್ ಇಕ್ಯೂ ವಿಜರ್ಡ್ ಅಂತ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅಳತೆಗೆ ಯುಮಿಕ್-1 ಯುಎಸ್‌ಬಿ ಮೈಕು ಒಳ್ಳೆಯದು, ಪ್ರತಿ ಮೈಕಿಗೂ ಅದರದೇ ಕ್ಯಾಲಿಬ್ರೇಷನ್ ಫೈಲ್ ಕೊಡುತ್ತಾರೆ. ಇಂಟರ್‌ಫೇಸಿನಲ್ಲಿ (ಮೈಕು, ಸ್ಪೀಕರನ್ನು ಕಂಪ್ಯೂಟರಿಗೆ ಸೇರಿಸುವ ಡಬ್ಬ) ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಇದ್ದರೆ ಬೆಹ್ರಿಂಗರ್ ಇಸಿಎಂ8000 ಕೂಡ ಆದೀತು. ಯಾರ ಬಳಿಯಾದರೂ ಇದ್ದರೆ ಒಂದು ದಿನ ಎರವಲು ತನ್ನಿ. ಮೈಕು ಕಿವಿ ಇರುವ ಜಾಗದಲ್ಲಿ. ಫ್ಯಾನ್ ಆಫ್. ಎಡ ಸ್ಪೀಕರ್ ಬೇರೆ, ಬಲ ಬೇರೆ, ಎರಡೂ ಸೇರಿ ಒಂದು ಸಲ ಅಳೆಯಿರಿ.

ಹೊಸ ಕೇಳುಗ

ಮಧ್ಯೆ ಬಂದೆ, ಕ್ಷಮಿಸಿ. ನನ್ನ ಮಾನಿಟರ್‌ಗಳಲ್ಲಿ ಕರೆಂಟ್ ಹೋಗಿ ಯುಪಿಎಸ್ ಆನ್ ಆದ ಕೂಡಲೇ ಝೇಂಕಾರ ಶುರುವಾಗುತ್ತದೆ. ಇದಕ್ಕೂ ಪ್ಯಾನೆಲ್ ಬೇಕಾ?

ಕರಾವಳಿ ಕೇಬಲ್

ಇಲ್ಲ ಮಾರಾಯ್ರೆ 😄 ನಿಮ್ಮದು ಸ್ಕ್ವೇರ್ ವೇವ್ ಯುಪಿಎಸ್ ಇರಬೇಕು. ಪ್ಯೂರ್ ಸೈನ್ ವೇವ್ ಆದರೆ ಹೋಗುತ್ತದೆ. ಕರೆಂಟ್ ಇರುವಾಗಲೂ ಬರುತ್ತಿದ್ದರೆ ಕೇಬಲ್ ನೋಡಿ. ಇಂಟರ್‌ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಟಿಆರ್‌ಎಸ್ ಕೇಬಲ್ ಇರಲಿ, ಮತ್ತೆ ಕಂಪ್ಯೂಟರ್, ಇಂಟರ್‌ಫೇಸ್, ಸ್ಪೀಕರ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ. ಝೇಂಕಾರ ಹೋಗಲಿ ಅಂತ ಮೂರನೇ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ, ಶಾಕ್ ಹೊಡೆದೀತು. ಎಲೆಕ್ಟ್ರಿಷಿಯನ್ ಕರೆದು ಮನೆಗೆ ಅರ್ಥಿಂಗ್ ಸರಿ ಇದೆಯಾ ಅಂತ ನೋಡಿಸಿ.

ಮೂಲೆಮನೆ

ಅಪ್‌ಡೇಟ್. ಗೆಳೆಯರೊಬ್ಬರ ಯುಮಿಕ್ ತಂದು ಅಳೆದೆ. ಕುರ್ಚಿ ಮತ್ತು ಸ್ಪೀಕರ್ ಸರಿಸಿದ್ದಕ್ಕೇ 140ರ ಗುಂಡಿ ಹೋಯಿತು. ದನಿಗೆ ಮೈ ಬಂದಿದೆ. 47 ಈಗ ಕೇಳುತ್ತದೆ, 94 ಸ್ವಲ್ಪ ತಗ್ಗಿದೆ. 112 ಮಾತ್ರ ಹಾಗೇ ಇತ್ತು. ಆಮೇಲೆ ಪ್ಯಾನೆಲ್ ಮಾಡಿಸಿ ಮೂರು ಮೂಲೆಗೆ, ಅಕ್ಕಪಕ್ಕಕ್ಕೆ, ಸ್ಪೀಕರಿನ ಹಿಂದೆ ನಿಲ್ಲಿಸಿದೆ. ಈಗ 112ರ ಬಾಲ ಗ್ರಾಫಿನಲ್ಲಿ ಎದ್ದು ಕಾಣುವಷ್ಟು ಮೊಟಕಾಗಿದೆ. ಡಗ್ಗಾ ಬಾರಿಸಿದರೆ ಬಾರಿಸಿದಷ್ಟೇ ಕೇಳುತ್ತದೆ. 56ರಲ್ಲಿ ಇನ್ನೂ ಗುಂಡಿ ಇದೆ. ಯಾಕೆ?

ಸೈನ್ ವೇವ್

ಅಗಲದಲ್ಲಿ ನೀವು ನಡುವೆಯೇ ಕೂರಬೇಕು, ಇಲ್ಲದಿದ್ದರೆ ಸ್ಟೀರಿಯೋ ಕೆಡುತ್ತದೆ. ಎತ್ತರದಲ್ಲಿ ಕಿವಿ ಸುಮಾರು 4 ಅಡಿ, ಅದೂ ನಡುವಿನ ಹತ್ತಿರವೇ. ಹಾಗಾಗಿ 56 ಎರಡು ಕಡೆಯಿಂದಲೂ ನಿಮಗೆ ಸಿಗುವುದಿಲ್ಲ. ಈ ಅಳತೆಯ ರೂಮಿನಲ್ಲಿ ಅದು ಇದ್ದೇ ಇರುತ್ತದೆ. ಕೆಳಗಿನ ಎ ಸ್ವರವನ್ನು ಸ್ಪೀಕರಿನಲ್ಲಿ ಕೇಳಿ ತೀರ್ಮಾನ ಮಾಡಬೇಡಿ, ಹೆಡ್‌ಫೋನಿನಲ್ಲಿ ನೋಡಿ. ಹೆಡ್‌ಫೋನ್ ಹುಚ್ಚರಿಗೆ ಇಷ್ಟಾದರೂ ಗೆಲುವು ಸಿಗಲಿ.

ಹೆಡ್‌ಫೋನ್ ಹುಚ್ಚ

🙏

ಮೂಲೆಮನೆ

ಮಿಕ್ಸ್ ಮಾಡುವಾಗ ಎಷ್ಟು ಜೋರು ಇಟ್ಟುಕೊಳ್ಳಬೇಕು? ಓನರ್ ಕೆಳಗಿನ ಮನೆಯಲ್ಲೇ ಇದ್ದಾರೆ. ಪ್ಯಾನೆಲ್ ಹಾಕಿದ ಮೇಲೂ ಅವರಿಗೆ ಕೇಳುತ್ತಿದೆಯಂತೆ.

ಹಳೇ ಫೇಡರ್

ಕೇಳಿಯೇ ಕೇಳುತ್ತದೆ. ಪ್ಯಾನೆಲ್ ಒಳಗಿನ ಶಬ್ದವನ್ನು ಸರಿ ಮಾಡುತ್ತದೆ, ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ತಡೆಯಲು ತೂಕ ಬೇಕು, ಸಂದಿ ಮುಚ್ಚಬೇಕು. ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಕಿಟಕಿಗೆ ಸೀಲ್. ಅಷ್ಟರಿಂದ ಆಟೋ ಹಾರ್ನ್, ಕುಕ್ಕರ್ ವಿಷಲ್ ಸ್ವಲ್ಪ ಕಡಿಮೆಯಾಗುತ್ತವೆ. ನೆಲದ ಮೂಲಕ ಕೆಳಗಿಳಿಯುವ ಬೇಸ್ ಬಾಡಿಗೆ ಮನೆಯಲ್ಲಿ ನಮ್ಮ ಕೈಯಲ್ಲಿಲ್ಲ. ಸ್ಟ್ಯಾಂಡ್ ಕೆಳಗೆ ದಪ್ಪ ರಬ್ಬರ್ ಇಟ್ಟು ನೋಡಿ.

ಜೋರಿನ ವಿಷಯ. ಸಿನಿಮಾ ಮಿಕ್ಸ್ ಥಿಯೇಟರಿನಲ್ಲಿ 85 ಡೆಸಿಬೆಲ್ ಅಂತ ಕೇಳಿರುತ್ತೀರಿ. ಅದು ದೊಡ್ಡ ಹಾಲಿನ ಲೆಕ್ಕ. 1500 ಘನ ಅಡಿಗಿಂತ ಸಣ್ಣ ರೂಮಿಗೆ ಅಮೆರಿಕದ ಟಿವಿ ಪ್ರಸಾರದ ಎಟಿಎಸ್‌ಸಿ ಶಿಫಾರಸು 76. ಫೋನಿನ ಮೀಟರ್ ಆಪ್‌ನಲ್ಲಿ ಅಂದಾಜು ನೋಡಿ ನಾಬಿಗೆ ಒಂದು ಗುರುತು ಹಾಕಿ. ಅದರ ಮೇಲೆ ಹೋಗಬೇಡಿ. ಸಂಜೆ ಅದಕ್ಕಿಂತಲೂ ಮೆಲ್ಲಗೆ ಕೆಲಸ ಮಾಡಿ, ಓನರಿಗೂ ಒಳ್ಳೆಯದು, ಕಿವಿಗೂ ಒಳ್ಳೆಯದು.

ಮೂಲೆಮನೆ

ಕೊನೆಯ ಪ್ರಶ್ನೆ. ಮೇಲೆ ಆರ್‌ಸಿಸಿಯಿಂದ ಚಿಮ್ಮುವುದಕ್ಕೆ ಏನು ಮಾಡಲಿ? ಡ್ರಿಲ್ ಇಲ್ಲ.

ಡಗ್ಗಾ ಡೈರಿ

ಫ್ಯಾನಿನ ಕೊಂಡಿ ಇದೆಯಲ್ಲ? ಫ್ಯಾನ್ ಇಳಿಸಿ ಅಲ್ಲಿಗೆ ತೂಗು ಹಾಕ್ರಿ.

ಸೈನ್ ವೇವ್

ತೂಕಕ್ಕೆ ತೊಂದರೆ ಇಲ್ಲ. 2×4 ಅಡಿಯ 4 ಇಂಚಿನ ಪ್ಯಾನೆಲಿನ ಉಣ್ಣೆ ಮೂರೂವರೆ ಕೆ.ಜಿ. ಆಸುಪಾಸು, ಅದರ ಮೇಲೆ ಫ್ರೇಮು. ಆದರೆ ಕೊಂಡಿ ರೂಮಿನ ನಡುವೆ ಇರುತ್ತದೆ, ನೀವು ಈಗ ಮುಂದೆ ಕೂತಿದ್ದೀರಿ. ಬೇಕಿರುವುದು ನಿಮಗೂ ಸ್ಪೀಕರಿಗೂ ನಡುವಿನ ಜಾಗದ ಮೇಲೆ.

ಹಳೇ ಫೇಡರ್

ಕೊಂಡಿ ಬೇಡ. ಅಕ್ಕಪಕ್ಕದ ಪ್ಯಾನೆಲುಗಳ ಫ್ರೇಮನ್ನು 7 ಅಡಿವರೆಗೆ ಎತ್ತರಿಸಿ, ಎರಡರ ನಡುವೆ ಅಡ್ಡ ಪಟ್ಟಿ ಹೊಡೆಸಿ, ಅದರ ಮೇಲೆ ಮಲಗಿಸಿ. ಬಡಗಿಗೆ ಚಪ್ಪರ ಅಂದರೆ ಅರ್ಥವಾಗುತ್ತದೆ. ಕಾಲಿಗೆ ಅಗಲದ ಪಾದ ಕೊಡಿಸಿ, ನಾಲ್ಕೂ ಕಡೆ ಬೋಲ್ಟ್ ಹಾಕಿಸಿ, ತಲೆ ಮೇಲೆ ಬರುವ ವಸ್ತು ಅದು. ಫ್ಯಾನ್ ಹಾಗೇ ಇರಲಿ. ಏಪ್ರಿಲ್ಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿಕೊಂಡು ಆ ರೂಮಿನಲ್ಲಿ ಹಾಡುವವರಿಗೆ ಒಂದು ಟೇಕಿಗೂ ಇನ್ನೊಂದಕ್ಕೂ ನಡುವೆ ಬೇಕಾಗುತ್ತದೆ.

ಮೂಲೆಮನೆ

ಬಡಗಿಯವರು ಭಾನುವಾರ ಬರುತ್ತಾರೆ. ಅಳತೆ ಬರೆದು ಹಾಕುತ್ತೇನೆ, ಕಟ್ ಮಾಡಿಸುವ ಮುಂಚೆ ಒಮ್ಮೆ ನೋಡಿ ಹೇಳಿ ಸರ್.